ಮೊದಲು ಕೂಲಿ, ಆಮೇಲೆ ಕಾಣಿಕೆ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆಯನ್ನು ಪುರಾಣದಲ್ಲಿ ಕೇಳದ ಸದ್ಭಕ್ತರು ವಿರಳ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳಿವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರಂತೆ. ಕೇಳಿ ನಾವೆಲ್ಲ ತಲೆದೂಗುತ್ತೇವೆ. ಹೀಗೆ ಮರಳಿಸಿದಾಕೆ ಗುಡಿಸಲಿನ ಬಡವಿ ಎಂಬುದನ್ನು ಮಾತ್ರ ಮರೆಯುತ್ತೇವೆ.

ದೇಶವು 1991ರಲ್ಲಿ ಹೊಸ ಆರ್ಥಿಕ ನೀತಿಯನ್ನು ಒಪ್ಪಿದ ಮೇಲೆ ಸಂಪತ್ತು ಬೆಳೆದದ್ದು ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ 2013ರಲ್ಲಿ ಬಂದ ಅನ್ನಭಾಗ್ಯದ ಅಕ್ಕಿ ಎಷ್ಟೋ ಮನೆಗಳ ಹಸಿವನ್ನು ತಣಿಸಿದೆ. ಆದರೆ ಬೆಳೆದ ಸಂಪತ್ತು ಯಾರ ಕಣಜ ಸೇರಿತು? ಥಾಮಸ್ ಪಿಕೆಟ್ಟಿ ಮೊದಲಾದ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ದೇಶದ ಒಟ್ಟು ಆಸ್ತಿಯ ಶೇ. 40.1 ಭಾಗ ಮೇಲಿನ ಶೇ. 1 ಜನರ ಕೈಯಲ್ಲಿತ್ತು. ನೂರು ಜನ ಕುಳಿತ ಪಂಕ್ತಿಯಲ್ಲಿ ನಲವತ್ತು ಜನರ ಎಡೆಯನ್ನು ಒಬ್ಬನೇ ಎಳೆದುಕೊಂಡರೆ ಅದನ್ನು ದಾಸೋಹವೆನ್ನಬಹುದೇ?

ಇತ್ತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಆಮೇಲೆ ಸಂವಿಧಾನದ 371(ಜೆ) ವಿಧಿಯೂ ಬಂತು. ಆದರೂ ಲಕ್ಕಮ್ಮನವರ ಅದೇ ಸೀಮೆಯಿಂದ ಇಂದಿಗೂ ಬಡವರು ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಹಡಿಯ ಮೇಲೆ ಮಹಡಿ ಕಟ್ಟುವವರು ಇರುವುದು ತಗಡಿನ ಶೆಡ್ಡಿನಲ್ಲಿ.

ಬಡತನವನ್ನು ಹಣೆಬರಹವೆಂದು ಹೇಳಿ ಕೈತೊಳೆದುಕೊಳ್ಳುವುದು ಶರಣರ ಮಾರ್ಗವಲ್ಲ. ಕೂಲಿಕಾರನಿಗೆ ಕಾಯಕದ ಮಹಿಮೆ ಬೋಧಿಸಲು ಎಲ್ಲರೂ ಮುಂದೆ. ಒಡೆಯನಿಗೆ ದಾಸೋಹವನ್ನು ನೆನಪಿಸಬೇಕಾದಾಗ ಮಠಪೀಠಗಳಲ್ಲಿ ಕುಳಿತವರಿಗೂ ಮಾತು ತಡವರಿಸುತ್ತದೆ. (ದೇಣಿಗೆಯ ಭಾರವೇ ಹಾಗೆ!) ಗುಡಿಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ ಧಣಿಯ ಹೊಲದಲ್ಲಿ ಕಳೆ ತೆಗೆದ ಹೆಣ್ಣುಮಗಳು ಮೂರು ವಾರದಿಂದ ಕೂಲಿಗಾಗಿ ಬಾಗಿಲು ಕಾಯುತ್ತಿದ್ದರೆ, ಆ ಕಲ್ಲು ನಿಂತದ್ದು ಅವಳ ದುಡ್ಡಿನಲ್ಲಿ. ಅದಕ್ಕೆ ದಾನವೆಂಬ ಹೆಸರು ಸಲ್ಲದು. ಕೂಲಿ ಕೊಡುವುದು ಉಪಕಾರವಲ್ಲ, ಸಾಲ ತೀರಿಸುವುದು. ಗಂಡಾಳಿಗೊಂದು, ಹೆಣ್ಣಾಳಿಗೊಂದು ದರ ಕಟ್ಟುವವರು ಲಕ್ಕಮ್ಮನವರ ಹೆಸರೆತ್ತುವುದಾದರೂ ಹೇಗೆ?

ಈ ಸಲದ ಜಾತ್ರೆಗೆ ದೇಣಿಗೆ ಬರೆಸಲು ಬರುವ ಭಕ್ತರನ್ನು, ರಶೀದಿ ಹರಿಯುವ ಮೊದಲು, ಆಳುಗಳ ಲೆಕ್ಕ ಚುಕ್ತಾ ಆಗಿದೆಯೇ ಎಂದು ಕೇಳುವಂತೆ ಮಠದ ಕಾರ್ಯದರ್ಶಿಗಳಿಗೆ ತಿಳಿಸಿದ್ದೇವೆ. ಆಗಿಲ್ಲವೆಂದವರು ಊರಿಗೆ ಹಿಂದಿರುಗಿ, ಲೆಕ್ಕ ತೀರಿಸಿಯೇ ಬರಲಿ. ಜಾತ್ರೆಗೆ ಇನ್ನೂ ದಿನಗಳಿವೆ.