ಆಟದಲ್ಲಿ ಮುಖಾಮುಖಿ

ಆಟವೆಂಬುದು ಬರಿಯ ಸೋಲು-ಗೆಲುವುಗಳ ಲೆಕ್ಕವಲ್ಲ. ಚೌಕಾಬಾರದ ಕವಡೆ ಉರುಳಿದಾಗ ಎದುರಿಗೆ ಕುಳಿತವರ ಮುಖದಲ್ಲಿ ಮೂಡುವ ಹರ್ಷ-ವಿಷಾದಗಳೇ ಅದರ ಅರ್ಧ ಸೊಗಸು. ಗಣಕಯಂತ್ರದ ಆಟಗಳಲ್ಲಿ ಆ ಮುಖ ಮರೆಯಾಗಿ, ಎದುರಾಳಿ ಬರಿಯ ಹೆಸರಾಗಿ ಉಳಿದನು. ಈಗ ಬ್ರೌಸರಿನಲ್ಲಿ ಆಡುವ ಚದುರಂಗದಂತಹ ಆಟಗಳಿಗೆ ನೇರ ವಿಡಿಯೊ ಸಂಭಾಷಣೆಯನ್ನು ಜೋಡಿಸುವುದು ಸಾಧ್ಯವಾಗಿದೆ. ಧಾರವಾಡದ ಅಜ್ಜ ಅಮೆರಿಕದಲ್ಲಿರುವ ಮೊಮ್ಮಗಳೊಡನೆ ಆಡುತ್ತ ಅವಳ ನಗೆಯನ್ನು ಕಾಣುವುದು ಸಾಮಾನ್ಯ ಭಾಗ್ಯವಲ್ಲ. ಆದರೆ ಮಕ್ಕಳ ಮುಖವನ್ನು ಅತ್ತ ನೋಡುತ್ತಿರುವವರು ಯಾರೆಂಬುದನ್ನು ಗೃಹಸ್ಥರು ವಿಚಾರಿಸಲೇಬೇಕು.

ಇದಕ್ಕೆ ಆಧಾರವಾದ ತಂತ್ರಕ್ಕೆ ‘ವೆಬ್‌ಆರ್‌ಟಿಸಿ’ ಎಂದು ಹೆಸರು. ಗೂಗಲ್ ಸಂಸ್ಥೆ 2011ರಲ್ಲಿ ಇದನ್ನು ಎಲ್ಲರ ಬಳಕೆಗೆ ಮುಕ್ತವಾಗಿಸಿತು. 2021ರಲ್ಲಿ ಇದು ಅಂತರಜಾಲದ ಅಧಿಕೃತ ಮಾನಕವಾಯಿತು. ಆಟದ ಸರ್ವರ್ ಮದುವೆಯ ಮಧ್ಯಸ್ಥನಂತೆ ಇಬ್ಬರಿಗೂ ಪರಿಚಯ ಮಾಡಿಸಿ ಬದಿಗೆ ಸರಿಯುತ್ತದೆ. ಆಮೇಲೆ ಚಿತ್ರ ಮತ್ತು ಧ್ವನಿ ಗೂಢಲಿಪಿಯ ರೂಪದಲ್ಲಿ, ಸಾಧ್ಯವಾದಲ್ಲೆಲ್ಲ, ಒಂದು ಗಣಕದಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತವೆ. ನೇರ ಮಾರ್ಗ ದೊರೆಯದಿದ್ದರೆ ಮಾತ್ರ ಬೇರೊಂದು ಸರ್ವರ್ ಅವನ್ನು ಮುಟ್ಟಿಸುತ್ತದೆ. ದಾರಿಯಲ್ಲಿ ಕದ್ದು ನೋಡುವುದು ಕಠಿಣವೆಂಬುದು ಇದರ ಗುಣ. ಅದೇ ಕಾರಣದಿಂದ ದುರ್ವರ್ತನೆಯನ್ನು ತಡೆಯುವ ಕಾವಲುಗಾರನೂ ನಡುವೆ ಇರುವುದಿಲ್ಲ. ಮೇಲಾಗಿ, ನೇರ ಮಾರ್ಗದಲ್ಲಿ ನಮ್ಮ ಗಣಕದ ಜಾಲವಿಳಾಸವು ಎದುರಿನವನಿಗೆ ತಿಳಿಯಬಲ್ಲದು.

ಅಪರಿಚಿತರನ್ನು ಹೀಗೆ ಎದುರುಬದುರು ಕೂರಿಸಿದರೆ ಏನಾಗುವುದೆಂಬುದಕ್ಕೆ ‘ಒಮೆಗಲ್’ ನಿದರ್ಶನ. 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ತಾಣ, ಮರುವರ್ಷ ವಿಡಿಯೊ ಸೇರಿಸಿ, ಯಾರನ್ನು ಬೇಕಾದರೂ ಯಾರೊಡನೆಯೂ ಜೋಡಿಸಿತು. ಹನ್ನೊಂದು ವರ್ಷದ ಬಾಲಕಿಯೊಬ್ಬಳು ಅಲ್ಲಿ ದುಷ್ಟನ ಕೈಗೆ ಸಿಕ್ಕಳು. ಬೆಳೆದ ಮೇಲೆ ಆಕೆ ಹೂಡಿದ ದಾವೆ ಇತ್ಯರ್ಥವಾದುದರೊಡನೆ, 2023ರ ನವೆಂಬರಿನಲ್ಲಿ ಆ ತಾಣ ಬಾಗಿಲು ಮುಚ್ಚಿತು.

ನಮ್ಮ ಮನೆಗಳ ಅನೇಕ ತರುಣರು ಇಂದು ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ಆಟ ಕಟ್ಟುವವರಿಗೆ ನಾವು ಹೇಳುವುದಿಷ್ಟು: ಆಟ ಆರಂಭವಾದಾಗ ಕ್ಯಾಮೆರಾ ಮುಚ್ಚಿರಲಿ. ಇಬ್ಬರೂ ಒಪ್ಪಿದ ಮೇಲೆಯೇ, ಪ್ರತಿ ಆಟಕ್ಕೂ ಹೊಸದಾಗಿ ಕೇಳಿ, ಅದು ತೆರೆಯಲಿ. ಮಕ್ಕಳ ಆಟಗಳಲ್ಲಿ ಆಹ್ವಾನವಿತ್ತ ಪರಿಚಿತರ ಹೊರತು ಯಾರಿಗೂ ಮುಖ ಕಾಣದಿರಲಿ. ನಿಲ್ಲಿಸುವ ಗುಂಡಿ ಸದಾ ಕಣ್ಣೆದುರಿಗಿರಲಿ. ಕ್ಯಾಮೆರಾ ಬಳಸಲು ಬ್ರೌಸರ್ ಅನುಮತಿ ಕೇಳುವುದು ನಿಜ. ಆದರೆ ಆಟದ ಆತುರದಲ್ಲಿರುವ ಮಗು ಅದನ್ನು ಓದದೆಯೇ ಒತ್ತೀತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಸಮ್ಮತಿಯನ್ನು ವಿಧಿಸಿದೆ.

ತಾಯಿ-ತಂದೆಗಳ ಹೊಣೆಯಾದರೂ ಕಠಿಣವೇನಲ್ಲ. ಗಣಕವು ಮಗುವಿನ ಕೋಣೆಯಲ್ಲಿರದೆ ಪಡಸಾಲೆಯಲ್ಲಿರಲಿ. ಎದುರಾಳಿ ಯಾರೆಂದು ಪ್ರೀತಿಯಿಂದ ಕೇಳಿರಿ. ಅಹಿತವಾದುದನ್ನು ಕಂಡು ಓಡಿ ಬಂದ ಮಗುವನ್ನು ಗದರದೆ, ಮೊದಲು ಅದರ ಮಾತನ್ನು ಪೂರ್ತಿ ಆಲಿಸಿರಿ. ಗದರಿದ ಮನೆಯಲ್ಲಿ ಮಗು ಮತ್ತೊಮ್ಮೆ ಬಾಯಿ ಬಿಡದು.