ಗಂಡಸರ ಆಪರೇಷನ್‌ಗೆ ಹಿಂಜರಿಕೆ ಏಕೆ?



ಕುಟುಂಬ ಯೋಜನೆಯ ಮಾತು ತೆಗೆದರೆ ಹಳ್ಳಿಗಳಲ್ಲಿ ಮೊದಲು ಬರುವ ಪ್ರಶ್ನೆ: ‘ಗಂಡಸು ಆಪರೇಷನ್ ಮಾಡಿಸಿಕೊಂಡರೆ ಹೊಲದಲ್ಲಿ ದುಡಿಯೋಕೆ ಶಕ್ತಿ ಇರುತ್ತಾ ಸಿಸ್ಟರ್?’

ಖಂಡಿತ ಇರುತ್ತದೆ. ವೀರ್ಯಾಣು ಸಾಗುವ ಎರಡು ನಾಳಗಳನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ಹಾರ್ಮೋನು, ಲೈಂಗಿಕ ಆಸಕ್ತಿ ಮೊದಲಿನಂತೆಯೇ ಇರುತ್ತವೆ. ಈಗಿನ ವಿಧಾನದಲ್ಲಿ ಹೊಲಿಗೆಯೂ ಬೇಕಿಲ್ಲ; ಅದೇ ದಿನ ಮನೆಗೆ ಹೋಗಬಹುದು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಲೇಬೇಕು. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ನಿರೋಧ್ ಬಳಸಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದನ್ನು ತಿಳಿಸದೆ ಕಳಿಸಿದರೆ, ಹೆಂಡತಿ ಮತ್ತೆ ಬಸುರಿಯಾದಾಗ ಅವಳ ನಡತೆಯನ್ನೇ ಶಂಕಿಸುವ ಮನೆಗಳಿವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಿವಾಹಿತ ದಂಪತಿಗಳಲ್ಲಿ ಶೇ 37.9ರಷ್ಟು ಮಂದಿಯಲ್ಲಿ ಹೆಂಡತಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಆಗಿದೆ. ಗಂಡನಿಗೆ ಆಗಿರುವುದು ಶೇ 0.3ರಷ್ಟರಲ್ಲಿ ಮಾತ್ರ. ಹೆತ್ತು ಹೈರಾಣಾದ ಬಾಣಂತಿಯ ಹೊಟ್ಟೆಯನ್ನೇ ಮತ್ತೆ ಕೊಯ್ಯಬೇಕೇ? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ತಪಾಸಣೆಯ ದಿನ ಗಂಡನನ್ನೂ ಕೂರಿಸಿಕೊಂಡು, ಪುರುಷ ಆರೋಗ್ಯ ಸಹಾಯಕರು ಈ ವಿಷಯ ಬಿಡಿಸಿ ಹೇಳುವ ವ್ಯವಸ್ಥೆಯನ್ನು ಇಲಾಖೆ ಕೂಡಲೇ ಮಾಡಲಿ.

– ನಿವೃತ್ತ ಆರೋಗ್ಯ ಸಹಾಯಕಿ, ಹಿರೇಕೆರೂರು