ವಿಷ ತಿನ್ನುವ ಜೀವಿ ಐತಿ, ಬಡ್ಡಿ ತಿನ್ನುವುದು ಯಾವುದು?



ಬೆಳೆಗೆ ಹೊಡೆದ ಎಣ್ಣಿಯೆಲ್ಲ ಹುಳದ ಮೈಮೇಲೆ ಬೀಳುವುದಿಲ್ಲ. ಮಳೆಯಾದರೆ ಬದು ದಾಟಿ ಹಳ್ಳಕ್ಕೆ, ಹಳ್ಳದಿಂದ ಘಟಪ್ರಭೆಗೆ ಇಳಿಯುತ್ತದೆ. ಆ ವಿಷವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳಿವೆ ಎಂದರೆ ತುಕ್ಕಾನಟ್ಟಿ ಕಟ್ಟೆಯ ಮೇಲೆ ಮಂದಿ ನಗುತ್ತಾರೆ. ನಗಬ್ಯಾಡ್ರಿ, ಮಾತು ಖರೆ ಐತಿ.

1973ರಲ್ಲಿ ಸೇತುನಾಥನ್ ಮತ್ತು ಯೋಶಿದಾ ಎಂಬ ವಿಜ್ಞಾನಿಗಳು ಫಿಲಿಪ್ಪೀನ್ಸಿನ ಭತ್ತದ ಗದ್ದೆಯ ನೀರಿನಲ್ಲಿ ಡಯಾಜಿನಾನ್ ಕೀಟನಾಶಕವನ್ನು ಒಡೆಯುವ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ಪ್ರಕಟಿಸಿದರು. 2008ರಲ್ಲಿ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಿನ್ನೇಕರ್ ಮತ್ತು ಸಂಗಡಿಗರು, ಸೈಪರ್‌ಮೆಥ್ರಿನ್ನನ್ನೇ ಆಹಾರ ಮಾಡಿಕೊಳ್ಳುವ ಮೈಕ್ರೋಕಾಕಸ್ ಒಂದನ್ನು ತೋರಿಸಿಕೊಟ್ಟರು. ಹುಡುಕುವ ರೀತಿ ಸರಳ: ವಿಷ ಬಿಟ್ಟರೆ ಬೇರೆ ಊಟವಿಲ್ಲದ ತಟ್ಟೆಯಲ್ಲಿ ಯಾವುದು ಬೆಳೆಯುತ್ತದೋ ಅದೇ ಬೇಕಾದ ಜೀವಿ. ಹೊಸ ಜಾತಿ ಎನ್ನಲು ಮಾತ್ರ ಅಷ್ಟು ಸಾಲದು. ಅದರ ವಂಶವಾಹಿಯನ್ನು ಹತ್ತಿರದ ಬಂಧುಗಳ ಜೊತೆ ತಾಳೆ ನೋಡಬೇಕು, ಎರಡು ದೇಶಗಳ ಸಂಗ್ರಹಾಲಯದಲ್ಲಿ ಜೀವಂತ ಮಾದರಿ ಇಡಬೇಕು, ಆಮೇಲೆ ಹೆಸರು.

ಆದರೆ ಫಿಲಿಪ್ಪೀನ್ಸಿನ ಗದ್ದೆಯ ಇನ್ನೊಂದು ಪಾಠ ಕೇಳಿರಿ. ಅದೇ ಔಷಧ ಮತ್ತೆ ಮತ್ತೆ ಹಾಕಿದ ಗದ್ದೆಯಲ್ಲೇ ಆ ಜೀವಿ ಹೆಚ್ಚಿತು, ಔಷಧ ಬೇಗ ಕರಗಿಹೋಯಿತು. ಅಂದರೆ ಹಾಕಿದ್ದು ಹುಳಕ್ಕೆ ತಾಗುವ ಮೊದಲೇ ಖಾಲಿಯಾಗಬಹುದು. ನಮ್ಮಲ್ಲಿ ಎಣ್ಣಿ ಹಿಡಿಯದಿದ್ದರೆ ಅಂಗಡಿಯವ ಏನಂತಾನ? "ಇನ್ನೊಮ್ಮೆ ಹೊಡಿ." ಹುಳ ಜಗ್ಗದಾಯಿತೋ, ಮಾಲು ಕಲಬೆರಕೆಯೋ, ಜೀವಿ ತಿಂದಿತೋ ಯಾರೂ ನೋಡುವುದಿಲ್ಲ. ಉದ್ರಿ ಬುಕ್ಕಿನಲ್ಲಿ ಮತ್ತೊಂದು ಗೆರೆ ಬೀಳುತ್ತದೆ, ಅಷ್ಟೇ.

ಅದಕ್ಕೆ ನಮ್ಮ ಬೇಡಿಕೆ ಮೂರು. ಹೊಳೆ, ಬಾವಿಗಳ ನೀರಿನಲ್ಲಿ ಎಷ್ಟು ವಿಷ ಐತಿ ಎಂದು ಸರ್ಕಾರ ವರ್ಷವರ್ಷ ಪರೀಕ್ಷಿಸಿ ಪಂಚಾಯಿತಿ ಫಲಕದ ಮೇಲೆ ಕನ್ನಡದಲ್ಲಿ ಬರೆಸಲಿ. ಇಂಥ ಜೀವಿಗಳ ಪ್ರಯೋಗ ಪ್ರಯೋಗಾಲಯದಲ್ಲೇ ಉಳಿಯದೆ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ರೈತರ ಎದುರಿಗೆ ಖರ್ಚಿನ ಲೆಕ್ಕದ ಸಮೇತ ನಡೆಯಲಿ. ಮೂರನೆಯದು, 2002ರ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ ಸೂಕ್ಷ್ಮಜೀವಿಯೂ ಜೈವಿಕ ಸಂಪತ್ತು. ನಮ್ಮ ಹೊಳೆಯ ಜೀವಿಯನ್ನು ಒಯ್ದು, ಬಾಟ್ಲಿಗೆ ತುಂಬಿ, ನಮಗೇ ಮಾರುವವರು ಲಾಭದಲ್ಲಿ ಊರಿಗೂ ಪಾಲು ಕೊಡಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲೆ ಮಲಗಿದ್ದರೆ ಅದನ್ನು ಎಬ್ಬಿಸುವವರು ನಾವೇ.

ಜೀವಿ ಐತಿ ಅಂತ ಕಂಡಕಂಡಂತೆ ಸುರಿಯುವುದೂ ಬೇಡ. ಅರ್ಧ ಒಡೆದ ವಿಷವೂ ಕೆಲವೊಮ್ಮೆ ವಿಷವೇ. ಕಡಿಮೆ ಹೊಡೆದರೆ ಹೊಳೆಯೂ ಉಳಿದೀತು, ರೊಕ್ಕವೂ ಉಳಿದೀತು.

ವಿಷ ತಿನ್ನುವ ಜೀವಿ ಹೊಳ್ಯಾಗ ಸಿಕ್ಕೀತು. ಬಡ್ಡಿ ತಿನ್ನುವ ಜೀವಿ ಯಾವ ಹೊಳ್ಯಾಗೂ ಸಿಗೂದಿಲ್ಲ. ಅದಕ್ಕ ಸಂಘಟನೆನೇ ಆಗಬೇಕು.